ಎರರ್ ಕೊಡದೆ ತಪ್ಪಾಗುವ ಜಾಗಗಳು

ಎಚ್‌ಪಿ ಕಂಪನಿಯ ಹಳೆಯ ಆಪರೇಟಿಂಗ್ ಸಿಸ್ಟಂ ಎಚ್‌ಪಿ-ಯುಎಕ್ಸ್ ಮೇಲಿರುವ ಹಳೆಯ ಡೇಟಾಬೇಸ್‌ಗಳನ್ನು ಲಿನಕ್ಸ್‌ಗೆ ತರುವುದು ಈಗ ತಪ್ಪಿಸಿಕೊಳ್ಳಲಾಗದ ಕೆಲಸ. ಅದು ಓಡುವ ಇಟಾನಿಯಂ ಚಿಪ್ ಕಳಿಸುವುದನ್ನು ಇಂಟೆಲ್ 2021ರ ಜುಲೈಗೆ ನಿಲ್ಲಿಸಿತು. ಎಚ್‌ಪಿ-ಯುಎಕ್ಸ್‌ನ ಸ್ಟ್ಯಾಂಡರ್ಡ್ ಸಪೋರ್ಟ್ 2025ರ ಡಿಸೆಂಬರ್ 31ಕ್ಕೆ ಮುಗಿಯಿತು. ನಾನು ಒರಾಕಲ್ ಡೇಟಾಬೇಸ್‌ಗಳನ್ನು ನೋಡಿಕೊಳ್ಳುವ ಡಿಬಿಎ. ಸಹಕಾರಿ ವಲಯದ ಒಂದು ಸಂಸ್ಥೆಯ ಲೆಕ್ಕಪತ್ರವೆಲ್ಲ ಇದ್ದ ಡೇಟಾಬೇಸನ್ನು ರೆಡ್ ಹ್ಯಾಟ್ ಲಿನಕ್ಸ್‌ಗೆ ತಂದ ತಂಡದಲ್ಲಿ ಇದ್ದೆ. ಇಂಥ ಕೆಲಸಕ್ಕೆ ಕೈ ಹಾಕುವವರಿಗೆ ಒಂದೇ ಮಾತು ಹೇಳಬೇಕಿದೆ. ಎರರ್ ಬಂದು ನಿಂತರೆ ಭಯ ಬೇಡ. ಎರರ್ ಬರದೆ ತಪ್ಪು ಉತ್ತರ ಕೊಟ್ಟು ಮುಂದೆ ಹೋಗುವ ಜಾಗ ಯಾವುದು ಅಂತ ಹುಡುಕಿ.

ಮೊದಲನೆಯದು ಬೈಟ್‌ಗಳ ಕ್ರಮ. ಎಚ್‌ಪಿ-ಯುಎಕ್ಸ್ ಬಿಗ್ ಎಂಡಿಯನ್. ಇಂಟೆಲ್ ಮಷೀನಿನ ಲಿನಕ್ಸ್ ಲಿಟಲ್ ಎಂಡಿಯನ್. ಒಂದೇ ಸಂಖ್ಯೆಯ ಬೈಟ್‌ಗಳನ್ನು ಒಂದು ಎಡದಿಂದ ಓದಿದರೆ ಇನ್ನೊಂದು ಬಲದಿಂದ ಓದುತ್ತದೆ. ಒರಾಕಲ್‌ನ ಡೇಟಾ ಫೈಲುಗಳ ಚಿಂತೆ ಇಲ್ಲ. ಅವನ್ನು ಒರಾಕಲ್‌ನದೇ ಬ್ಯಾಕಪ್ ಸಾಧನ ಆರ್‌ಮ್ಯಾನ್ ಬದಲಾಯಿಸಿ ಕೊಡುತ್ತದೆ. ಮೊದಲೇ ಪೂರ್ತಿ ಕಾಪಿ ತೆಗೆದುಕೊಂಡು, ಆಮೇಲೆ ಬದಲಾದದ್ದನ್ನಷ್ಟೇ ಸೇರಿಸುತ್ತಾ ಹೋದರೆ ಕೊನೆಯ ರಾತ್ರಿ ವ್ಯವಹಾರ ನಿಲ್ಲಿಸುವ ಹೊತ್ತೂ ಕಡಿಮೆ. ಈ ದಾರಿ ಚೆನ್ನಾಗಿ ಸವೆದಿದೆ, ಜಾಸ್ತಿ ಹೇಳುವುದಿಲ್ಲ.

ಕಷ್ಟ ಇದ್ದದ್ದು ಡೇಟಾಬೇಸಿನ ಹೊರಗೆ. ದಿನದ ಕೊನೆಗೆ ಒಂದು ಸಿ ಪ್ರೋಗ್ರಾಂ ಶಾಖೆಗಳ ಲೆಕ್ಕವನ್ನು ಬೈನರಿ ಫೈಲಿಗೆ ಬರೆಯುತ್ತಿತ್ತು. ಹಳೆಯ ಮಷೀನು ಬರೆದ ಅಂಥ ಫೈಲನ್ನು ಹೊಸದರಲ್ಲಿ ಓದಿದರೆ 1 ಇದ್ದದ್ದು 1,67,77,216 ಆಗುತ್ತದೆ. ಅಷ್ಟು ದೊಡ್ಡ ಸಂಖ್ಯೆ ಕಂಡರೆ ಯಾರಾದರೂ ಹಿಡಿಯುತ್ತಾರೆ, ಅಲ್ವಾ? ಆದರೆ ಸೊನ್ನೆಯನ್ನು ಯಾವ ಕಡೆಯಿಂದ ಓದಿದರೂ ಸೊನ್ನೆಯೇ. ಪರೀಕ್ಷೆಗೆ ಕೊಟ್ಟ ಫೈಲಿನಲ್ಲಿ ಹೊಂದಾಣಿಕೆ ಮೊತ್ತದ ಜಾಗದಲ್ಲೆಲ್ಲ ಸೊನ್ನೆ ಇತ್ತು. ಪ್ರೋಗ್ರಾಮಿನಲ್ಲಿ ಉಳಿದ ಜಾಗಗಳನ್ನು ಸರಿಪಡಿಸಿದ್ದರು, ಅದೊಂದು ಬಿಟ್ಟುಹೋಗಿತ್ತು. ಪರೀಕ್ಷೆ ಪಾಸ್. ಹಳೆಯದು, ಹೊಸದು ಎರಡನ್ನೂ ಜತೆಯಲ್ಲಿ ಓಡಿಸಿ ಶಾಖೆವಾರು ಮೊತ್ತ ತಾಳೆ ನೋಡಿದಾಗಲೇ ಅದು ಸಿಕ್ಕಿದ್ದು. ಹೀಗೆ ಜತೆಯಾಗಿ ಓಡಿಸುವ ಅವಧಿಯನ್ನು ಖರ್ಚು ಅಂತ ಮೊಟಕು ಮಾಡಲು ಯಾರು ಕೇಳಿದರೂ ಒಪ್ಪಬೇಡಿ.

ಎರಡನೆಯದು ಮೆಮೊರಿ. 64 ಜಿಬಿ ಎಸ್‌ಜಿಎ (ಡೇಟಾಬೇಸಿಗೆ ಬರುವ ಸಂಪರ್ಕಗಳೆಲ್ಲ, ಅಂದರೆ ಸೆಷನ್‌ಗಳೆಲ್ಲ, ಹಂಚಿಕೊಳ್ಳುವ ಒರಾಕಲ್ ಮೆಮೊರಿ) ಇದೆ ಅಂದುಕೊಳ್ಳಿ. ಲಿನಕ್ಸ್ ಅದನ್ನು 4 ಕೆಬಿಯ ಪುಟಗಳಾಗಿ ನೋಡಿದರೆ ಒಂದು ಕೋಟಿ ಅರವತ್ತೇಳು ಲಕ್ಷಕ್ಕೂ ಹೆಚ್ಚು ಪುಟ. ಒಂದೊಂದಕ್ಕೂ 8 ಬೈಟ್ ಲೆಕ್ಕ ಇಡಬೇಕು. ಅಂದರೆ ಇಡೀ ಎಸ್‌ಜಿಎ ಮುಟ್ಟುವ ಒಂದೊಂದು ಸೆಷನ್ನಿಗೂ 128 ಎಂಬಿ ಬರೀ ಪುಟಗಳ ಲೆಕ್ಕಕ್ಕೇ ಹೋಯಿತು. 400 ಸೆಷನ್ ಬಂದರೆ 50 ಜಿಬಿ! ಇನ್‌ಸ್ಟಾಲ್ ಆಗುವಾಗ ಏನೂ ಗೊತ್ತಾಗುವುದಿಲ್ಲ. ತಿಂಗಳ ಕೊನೆಯ ಗದ್ದಲದಲ್ಲಿ ಮಷೀನು ಉಸಿರುಗಟ್ಟುತ್ತದೆ. 2 ಎಂಬಿಯ ಹ್ಯೂಜ್ ಪೇಜಸ್ ಹಾಕಿದರೆ 32,768 ಪುಟ, ಅಷ್ಟೇ. ಮೆಮೊರಿಯನ್ನು ಒರಾಕಲ್ ತಾನೇ ಹಂಚಿಕೊಳ್ಳುವ ಮೆಮೊರಿ ಟಾರ್ಗೆಟ್ ಸೆಟ್ಟಿಂಗ್ ಇಟ್ಟುಕೊಂಡು ಇದನ್ನು ಬಳಸಲಾಗದು, ಅದನ್ನು ಮೊದಲು ತೆಗೆಯಿರಿ.

ಅದೇ ಸಂಸ್ಥೆಯ ವರದಿಗಳು ಪೋಸ್ಟ್‌ಗ್ರೆಸ್ ಅನ್ನುವ ಇನ್ನೊಂದು ಡೇಟಾಬೇಸ್‌ನಲ್ಲಿದ್ದವು. ಅದು ಮೊದಲಿಂದಲೂ ಲಿನಕ್ಸೇ, ರೆಡ್ ಹ್ಯಾಟ್ 7ರಿಂದ 8ಕ್ಕೆ ಸುಮ್ನೆ ಫೈಲು ಎತ್ತಿಟ್ಟರೆ ಸಾಕು ಅಂತ ಬಹಳ ಜನ ನಂಬಿದ್ದಾರೆ. ಸಾಲದು. ರೆಡ್ ಹ್ಯಾಟ್ 8ರಲ್ಲಿರುವ, 2018ರಲ್ಲಿ ಬಂದ ಲಿನಕ್ಸ್‌ನ ಮೂಲ ಲೈಬ್ರರಿ ಜಿಲಿಬ್‌ಸಿ 2.28, ಅಕ್ಷರಗಳನ್ನು ಜೋಡಿಸುವ ಕ್ರಮವನ್ನೇ ಬದಲಿಸಿತು. ಮೊದಲು 11 ಆದ ಮೇಲೆ 1-1 ಬರುತ್ತಿತ್ತು. ಈಗ 1-1 ಮೊದಲು. ಹಳೆಯ ಕ್ರಮದಲ್ಲಿ ಕಟ್ಟಿದ ಇಂಡೆಕ್ಸನ್ನು (ಸಾಲುಗಳನ್ನು ಬೇಗ ಹುಡುಕಲು ಇಟ್ಟ ಪಟ್ಟಿ) ಹೊಸ ಕ್ರಮದಲ್ಲಿ ಹುಡುಕಿದರೆ, ಇರುವ ಸಾಲೇ ಇಲ್ಲ ಅನ್ನುತ್ತದೆ. ಯುನೀಕ್ ಕಾಲಂನಲ್ಲಿ ಒಂದೇ ನಂಬರ್ ಎರಡು ಸಲ ಸೇರಬಹುದು. ಪಠ್ಯದ ಇಂಡೆಕ್ಸ್‌ಗಳನ್ನೆಲ್ಲ ಹೊಸದಾಗಿ ಕಟ್ಟಲೇಬೇಕು.

ನನಗೆ ಎಲ್ಲಕ್ಕಿಂತ ಹತ್ತಿರದ್ದು ಕನ್ನಡದ ಡೇಟಾ. ಸದಸ್ಯರ ಹೆಸರುಗಳನ್ನು ನುಡಿ ಫಾಂಟಿನ ಹಳೆಯ ಕೋಡ್‌ನಲ್ಲಿ ತುಂಬಿದ್ದರು. ಅಂದರೆ ಒಳಗಿರುವುದು ಕನ್ನಡವಲ್ಲ, ಲ್ಯಾಟಿನ್ ಅಕ್ಷರ. ಇಂಗ್ಲಿಷಿನ ಸಿ ಇದ್ದಲ್ಲಿ ಫಾಂಟು ಅ ತೋರಿಸುತ್ತದೆ, ಡಿ ಇದ್ದಲ್ಲಿ ಆ. ಇದನ್ನು ಒರಾಕಲ್‌ಗೆ ಕೊಟ್ಟು ಯೂನಿಕೋಡ್ ಮಾಡು ಅಂದರೆ ಒಂದೂ ಎರರ್ ಇಲ್ಲದೆ ಮಾಡುತ್ತದೆ. ಲ್ಯಾಟಿನ್ ಕಸವನ್ನು ಅಚ್ಚುಕಟ್ಟಾಗಿ ಯೂನಿಕೋಡ್ ಕಸ ಮಾಡಿ ಇಡುತ್ತದೆ. ಹಳೆಯ ಪರದೆಯಲ್ಲಿ ನುಡಿ ಫಾಂಟ್ ಹಾಕಿ ನೋಡಿದರೆ ಹೆಸರು ಸರಿಯಾಗಿಯೇ ಕಾಣುತ್ತದೆ. ಆದರೆ ಕನ್ನಡದಲ್ಲಿ ಟೈಪ್ ಮಾಡಿ ಹುಡುಕಿದರೆ ಒಬ್ಬ ಸದಸ್ಯರೂ ಸಿಗುವುದಿಲ್ಲ.

ಅದಕ್ಕಾಗಿ ಮೊದಲು ಅದೇ ಕ್ಯಾರೆಕ್ಟರ್ ಸೆಟ್‌ನಲ್ಲಿ, ಅಂದರೆ ಅಕ್ಷರಗಳ ಕೋಡ್ ಬದಲಿಸದೆ, ಲಿನಕ್ಸ್‌ಗೆ ತಂದೆವು. ಅದು ನೆಲೆ ನಿಂತ ಮೇಲೆ ಯೂನಿಕೋಡ್ ಕೆಲಸ ಬೇರೆಯಾಗಿ ಹಿಡಿದೆವು. ಎರಡನ್ನೂ ಒಂದೇ ರಾತ್ರಿ ಮಾಡಿದರೆ ತಪ್ಪು ಯಾವುದರಿಂದ ಬಂತು ಅಂತ ತಿಳಿಯುವುದೇ ಇಲ್ಲ. ನುಡಿಯಲ್ಲಿ ಸೂರ್ಯ ಅಂತ ಬರೆದಾಗ ಅರ್ಕಾವತ್ತು ಕಣ್ಣಿಗೆ ಕಾಣುವ ಹಾಗೆ ಕೊನೆಗೆ ಇರುತ್ತದೆ. ಯೂನಿಕೋಡ್‌ನಲ್ಲಿ ರ್ ಮೊದಲು, ಯ ಆಮೇಲೆ. ನುಡಿಯನ್ನು ಯೂನಿಕೋಡ್ ಮಾಡುವ ಪರಿವರ್ತಕ ಪ್ರೋಗ್ರಾಂ ಇದನ್ನು ಹಿಂದೆ ಮುಂದೆ ಮಾಡಬೇಕು. ಕಾಲಂನ ಅಗಲವೂ ಸಾಲದು. ಲಕ್ಷ್ಮೀನಾರಾಯಣ ಅನ್ನುವ ಹೆಸರಿಗೆ ಯೂನಿಕೋಡ್‌ನಲ್ಲಿ 13 ಕೋಡ್, ತಲಾ 3 ಬೈಟ್, ಒಟ್ಟು 39. ಕಾಲಂ ಇದ್ದದ್ದು 30 ಬೈಟ್. ಇಲ್ಲಿ ಒರಾಕಲ್ 12899 ಅಂತ ಎರರ್ ಕೊಟ್ಟು ನಿಂತಿತು. ನಿಂತದ್ದು ಒಳ್ಳೆಯದೇ ಆಯಿತು. ಅಳತೆಯನ್ನು ಬೈಟ್‌ನಿಂದ ಅಕ್ಷರಕ್ಕೆ ಬದಲಿಸಿದೆವು.

ಒಂದೇ ಕಾಲಂನಲ್ಲಿ ಕೆಲವು ಹೆಸರು ನುಡಿಯಲ್ಲಿ, ಕೆಲವು ಇಂಗ್ಲಿಷಿನಲ್ಲಿ ಇದ್ದದ್ದು ನಿಜವಾದ ತಲೆನೋವು. ಇಂಗ್ಲಿಷಿನ ಡಿ ಇನಿಷಿಯಲ್ ಪರಿವರ್ತಕದ ಕೈಗೆ ಸಿಕ್ಕರೆ ಆ ಆಗಿಬಿಡುತ್ತದೆ. ಅನುಮಾನ ಇದ್ದ ಹೆಸರುಗಳನ್ನು ಪಟ್ಟಿ ಮಾಡಿ ಶಾಖೆಗಳಿಗೆ ಕಳಿಸಿದೆವು. ಅಲ್ಲಿನ ಗುಮಾಸ್ತರು ಸದಸ್ಯರ ಅರ್ಜಿ ತೆಗೆದು ನೋಡಿ ತಿದ್ದಿ ಕೊಟ್ಟರು. ಜನರ ಹೆಸರು ಅಂದರೆ ಅಷ್ಟು ಶ್ರಮ ಪಡಲೇಬೇಕು. ನುಡಿ ಕೋಡ್ ಇರುವ ಹಳೆಯ ಕಾಲಂ ಈಗಲೂ ಹೊಸದರ ಪಕ್ಕದಲ್ಲೇ ಇದೆ. ಜಾಗ ದಂಡ ಅನ್ನುವವರಿದ್ದಾರೆ. ಪರಿವರ್ತಕದಲ್ಲಿ ನಾಳೆ ಒಂದು ಒತ್ತಕ್ಷರದ ತಪ್ಪು ಸಿಕ್ಕರೆ ಮತ್ತೆ ಶುರು ಮಾಡಲು ಮೂಲ ಬೇಕು, ಅದನ್ನು ಅಳಿಸಲು ನಾನು ಒಪ್ಪಿಲ್ಲ.