ಬಡಿಸುವವರ ಮಾತು

ಈ ವಾರ ಒಂದೇ ಮದುವೆಯ ಎರಡು ಊಟಗಳನ್ನು ಉಂಡೆ. ಮೊದಲನೆಯದು ಗದಗ ಜಿಲ್ಲೆಯ ನಮ್ಮೂರಿನಲ್ಲಿ, ಮನೆಯ ಮುಂದೆ ಹಾಕಿದ ಹಂದರದಲ್ಲಿ. ಎರಡನೆಯದು ಬೆಂಗಳೂರಿನಲ್ಲಿ, ಗಂಡಿನ ಕಡೆಯವರ ಆರತಕ್ಷತೆಯಲ್ಲಿ. ಊರಿನ ಪಂಕ್ತಿಯಲ್ಲಿ ಕೇಳಿದ ಒಂದು ಮಾತು ಇನ್ನೂ ಕಿವಿಯಿಂದ ಹೋಗಿಲ್ಲ.

ಗೋಧಿ ಹುಗ್ಗಿ ಎರಡನೆಯ ಸಲ ಬರುತ್ತಿತ್ತು. ಬಕೀಟು ಹಿಡಿದು ಬಂದವರು ಮದುಮಗಳ ದೊಡ್ಡಪ್ಪ. ನಾನು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದೆ. ಅವರು ಸೌಟು ಎತ್ತಿದವರು ಎತ್ತಿದಂತೆಯೇ ನಿಂತು, “ಕೈ ತಗಿ ತಂಗಿ, ಇದು ನಿನಗಲ್ಲ. ನಿಮ್ಮವ್ವಗ ಮಣಕಾಲ ನೋವು, ಬರಾಕ ಆಗಲಿಲ್ಲ. ಆಕಿ ಪಾಲಿಂದು ನಿನ್ನ ಎಲಿಗೆ ಹಾಕಾಕತ್ತೀನಿ” ಅಂದರು. ಕೈ ತಾನಾಗಿಯೇ ಸರಿಯಿತು. ಹಿಂದೆ ಬಂದ ಹುಡುಗ ಹುಗ್ಗಿಯ ನಡುವಿನ ಕುಣಿಯಲ್ಲಿ ತುಪ್ಪ ಬಿಟ್ಟು ಮುಂದೆ ಹೋದ.

ಈ ದೊಡ್ಡಪ್ಪನನ್ನು ಮೃದು ಮಾತಿನ ಮನುಷ್ಯನೆಂದು ಊರಿನಲ್ಲಿ ಯಾರೂ ಹೇಳುವುದಿಲ್ಲ. ಹೊಲದ ಬದುವಿನ ಜಗಳದಲ್ಲಿ ನಮ್ಮ ತಂದೆಯೊಡನೆ ಮಾತು ಬಿಟ್ಟವರು, ತಂದೆ ತೀರಿಕೊಂಡ ಮೇಲೂ ನಮ್ಮ ಮನೆಯ ಹೊಸ್ತಿಲು ತುಳಿದವರಲ್ಲ. ಅವ್ವನ ಮಂಡಿನೋವು ಅವರಿಗೆ ಗೊತ್ತಿದೆ ಎಂಬುದೇ ನನಗೆ ಹೊಸ ಸಂಗತಿ. ಬೀದಿಯಲ್ಲಿ ಎದುರಾಗಿದ್ದರೆ “ನಿಮ್ಮವ್ವ ಹೆಂಗದಾಳ” ಎಂದು ಅವರು ಕೇಳುತ್ತಿರಲಿಲ್ಲ, ಕೇಳಿದ್ದರೆ ನಾನೂ ನೆಟ್ಟಗೆ ಉತ್ತರ ಕೊಡುತ್ತಿದ್ದೆನೋ ಇಲ್ಲವೋ. ಕೈಯಲ್ಲಿ ಹುಗ್ಗಿಯ ಸೌಟು ಇದ್ದುದರಿಂದ ಆ ಮಾತಿಗೆ ದಾರಿಯಾಯಿತು. ಬಡಿಸುವವರಿಗೆ ಬೇರೆ ಯಾವ ಹೊತ್ತಿನಲ್ಲಿಯೂ ಇಲ್ಲದ ಸಲಿಗೆಯನ್ನು ನಮ್ಮ ಪಂಕ್ತಿ ಕೊಟ್ಟಿದೆ: ಅವರು ಒತ್ತಾಯಿಸಬಹುದು, ಗದರಿಸಬಹುದು, ಅಗಲಿದವರ ಮತ್ತು ಬಾರದವರ ಹೆಸರು ತೆಗೆಯಬಹುದು, ಉಣ್ಣುವವರು ಅದನ್ನು ತಪ್ಪು ತಿಳಿಯುವಂತಿಲ್ಲ.

ಬೆಂಗಳೂರಿನ ಊಟದಲ್ಲಿ ರುಚಿಗೆ ಕೊರತೆ ಇರಲಿಲ್ಲ. ಎಣಗಾಯಿ ಹದವಾಗಿತ್ತು, ಜೋಳದ ರೊಟ್ಟಿಯನ್ನು ನಾಲ್ಕು ತುಂಡು ಮಾಡಿ ಚೆಂದವಾಗಿ ಜೋಡಿಸಿದ್ದರು, ಗುರೆಳ್ಳು ಚಟ್ನಿಯೂ ಇತ್ತು. ಪ್ರತಿ ಪಾತ್ರೆಯ ಮುಂದೆ ಹೆಸರಿನ ಚೀಟಿ ಇದ್ದುದರಿಂದ ಯಾರೂ ಯಾರನ್ನೂ ಏನೂ ಕೇಳಬೇಕಾಗಿರಲಿಲ್ಲ. ಮನೆಯವರೆಲ್ಲ ವೇದಿಕೆಯ ಮೇಲೆ ಫೋಟೋಕ್ಕೆ ನಿಂತಿದ್ದರು. ಅದೇ ದೊಡ್ಡಪ್ಪ ತಟ್ಟೆ ಹಿಡಿದು ಸಾಲಿನಲ್ಲಿ ಸರಿಯುತ್ತ, ಮೊಸರನ್ನ ಮಾತ್ರ ಹಾಕಿಸಿಕೊಂಡು, ಕಂಬದ ಪಕ್ಕದ ಕುರ್ಚಿಯಲ್ಲಿ ಒಬ್ಬರೇ ಕುಳಿತು ಉಂಡರು. ನಾನು ಹೋಗಿ ಪಕ್ಕದಲ್ಲಿ ಕುಳಿತೆ. ಇಬ್ಬರಿಗೂ ಮಾತು ಹೊಳೆಯಲಿಲ್ಲ.

ಅಡುಗೆಯನ್ನು ಬರೆದಿಡುವುದರಲ್ಲಿ ಕನ್ನಡ ಹಿಂದೆ ಬಿದ್ದ ಭಾಷೆಯಲ್ಲ. 11ನೆಯ ಶತಮಾನದ ಲೋಕೋಪಕಾರದಲ್ಲಿ ಚಾವುಂಡರಾಯ ಪಾಕದ ವಿಷಯಕ್ಕೂ ಜಾಗ ಕೊಟ್ಟಿದ್ದಾನೆ. 16ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ಸೂಪಶಾಸ್ತ್ರವನ್ನು ಷಟ್ಪದಿಯಲ್ಲಿಯೇ ಬರೆದ. ಮಾಡುವ ಕ್ರಮಕ್ಕೆ ಹೀಗೆ ಹೊತ್ತಗೆಯ ಆಸರೆ ಇದೆ. ಬಡಿಸುವ ಮಾತಿಗಾದರೋ ಬಡಿಸುವವರ ನಾಲಿಗೆಯೇ ಆಸರೆ, ಮತ್ತು ಅದು ಸೀಮೆಯಿಂದ ಸೀಮೆಗೆ ಬೇರೆ. ಮೈಸೂರು ಕಡೆ ಮನೆಯ ಯಜಮಾನರು ಪಂಕ್ತಿಯ ನಡುವೆ ಕೈಮುಗಿದು ಬರುತ್ತ “ಸಾವಕಾಶವಾಗಿ ಆಗಲಿ” ಎನ್ನುತ್ತಾರೆ. ದಕ್ಷಿಣ ಕನ್ನಡದ ಬ್ರಾಹ್ಮಣರ ಮನೆಗಳ ಸಮಾರಂಭದಲ್ಲಿ ಉಣ್ಣುವವರೇ ಒಬ್ಬೊಬ್ಬರಾಗಿ ದೇವರನ್ನು ಸ್ತುತಿಸುವ ಚೂರ್ಣಿಕೆ ಹೇಳುತ್ತಾರೆ, ಉಳಿದವರು ಗೋವಿಂದ ಎಂದು ದನಿಗೂಡಿಸುತ್ತಾರೆ. ನಮ್ಮ ಕಡೆ ಬೀಗರ ಎಲೆಗೆ ಹೋಳಿಗೆ ಹಾಕುವುದೆಂದರೆ ಚರ್ಚೆಯೇ ನಡೆಯಬೇಕು, ಸೋಲಬೇಕಾದವರು ಬೀಗರೇ.

ಪಂಕ್ತಿಯನ್ನು ಹೊಗಳುವಾಗ ಪಂಕ್ತಿಭೇದವನ್ನು ಮರೆಮಾಚುವುದು ಸರಿಯಲ್ಲ. ಇದೇ ಊರುಗಳಲ್ಲಿ ಹಂದರದ ಹೊರಗೆ ಕುಳಿತು, ಎಲ್ಲರದೂ ಮುಗಿದ ಮೇಲೆ ಉಂಡವರಿದ್ದಾರೆ. ಅವರ ಎಲೆಯ ಮುಂದೆ ಯಾರೂ ಸೌಟು ಹಿಡಿದು ಕಾಡಿಸಲಿಲ್ಲ, ಅವರ ತಾಯಿಯ ಪಾಲನ್ನು ಯಾರೂ ನೆನೆಯಲಿಲ್ಲ. ಸಾಲಿನಲ್ಲಿ ನಿಂತು ತಾನೇ ಬಡಿಸಿಕೊಳ್ಳುವ ಊಟ ಅಂಥವರಿಗೆ ಬಿಡುಗಡೆಯಂತೆ ಕಂಡರೆ ನಾನು ಎದುರು ಮಾತಾಡಲಾರೆ. ಆದರೆ ಎಲ್ಲರನ್ನೂ ಕೂಡಿಸಿ ಬಡಿಸುವ ದಾರಿಯೂ ಈ ನಾಡಿನಲ್ಲಿ ಇದೆ. ಸಿದ್ಧಗಂಗೆಯಲ್ಲಿ ಜಾತಿ ಕೇಳದೆ ಸಾವಿರಾರು ಮಕ್ಕಳಿಗೆ ನಿತ್ಯ ಅನ್ನ ನಡೆಯುತ್ತದೆ. ಕೊಪ್ಪಳದ ಗವಿಮಠದ ಜಾತ್ರೆಯ ಮಹಾದಾಸೋಹಕ್ಕೆ ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಮನೆಮನೆಯಲ್ಲಿ ರೊಟ್ಟಿ ಬಡಿದು ಕಳಿಸುತ್ತಾರೆ. ರೊಟ್ಟಿ, ಮಾದಲಿ ಹೊತ್ತ ಚಕ್ಕಡಿ, ಟ್ರ್ಯಾಕ್ಟರುಗಳು ಸಾಲುಗಟ್ಟುತ್ತವೆ. ಉಪಚಾರದ ಮಾತು ಎಲ್ಲರಿಗೂ ದಕ್ಕಬೇಕೆನ್ನುವುದು ನನ್ನ ಆಸೆ. ಯಾರಿಗೂ ಬೇಡವೆನ್ನುವ ಸಮಾನತೆ ನನಗೆ ಒಪ್ಪಿಗೆಯಿಲ್ಲ.

ಈ ಮಾತನ್ನು ಮಕ್ಕಳು ಕಲಿಯುತ್ತಿದ್ದುದು ಬಡಿಸುವಾಗಲೇ. ಮೊದಲು ಉಪ್ಪು, ನೀರು. ಕೈ ಪಳಗಿದ ಮೇಲೆ ಪಲ್ಯ. ಹುಗ್ಗಿ, ತುಪ್ಪಕ್ಕೆ ಬಡ್ತಿ ಸಿಗುವ ಹೊತ್ತಿಗೆ ಯಾರ ಎಲೆಯ ಮುಂದೆ ಯಾವ ಮಾತು ಎಂಬುದು ಗೊತ್ತಾಗಿರುತ್ತಿತ್ತು. ಬರುವ ತಿಂಗಳು ನನ್ನ ತಮ್ಮನ ಮನೆಯ ಗೃಹಪ್ರವೇಶವಿದೆ. ಜಾಗ ಸಾಲದು, ಆಳು ಸಿಗುವುದಿಲ್ಲ ಎಂದು ಅವನು ಹೇಳುವುದರಲ್ಲಿ ಸುಳ್ಳಿಲ್ಲ. ಆದರೂ ಎರಡು ದಿನದ ವಾದದ ಮೇಲೆ, ಮೂರು ಪಂಕ್ತಿಯಾದರೂ ಸರಿ, ಕೂಡಿಸಿಯೇ ಬಡಿಸುವುದು ಎಂದು ಒಪ್ಪಿದ್ದಾನೆ. ಉಪ್ಪು, ನೀರು ಮಕ್ಕಳದು. ಹುಗ್ಗಿಗೆ ಬರಬೇಕೆಂದು ದೊಡ್ಡಪ್ಪನಿಗೆ ಅವ್ವನೇ ಫೋನು ಮಾಡಿ ಹೇಳಿದ್ದಾಳೆ.