ಪತ್ತಾರರ ಸರಪಳಿ ಫ್ಲಾರೆನ್ಸಿಗೆ ಹೋದದ್ದು

ವಿಜಯಪುರದ ಮಕ್ಕಳಿಗೆ ಗುಮ್ಮಟ ಹೊಸದಲ್ಲ. ಮನೆಯ ಮಾಳಿಗೆ ಹತ್ತಿದರೆ ಸಾಕು, ಕಣ್ಣಿಗೆ ಬೀಳುತ್ತದೆ. ಆದರೆ ಅಷ್ಟು ದೊಡ್ಡದು ಏಕೆ ಕುಸಿದು ಬೀಳುವುದಿಲ್ಲ ಎಂದು ಚಿತ್ರಕಲೆಯ ತರಗತಿಯಲ್ಲಿ ಕೇಳಿದಾಗ ಯಾರಲ್ಲೂ ಉತ್ತರವಿರಲಿಲ್ಲ, ನನ್ನಲ್ಲಿಯೂ ಇರಲಿಲ್ಲ. ಆ ಒಂದು ಪ್ರಶ್ನೆಯೇ ಎರಡು ವರ್ಷ ನಮ್ಮ ಪಾಠವಾಯಿತು.

ಭಾನುವಾರಗಳಂದು ಗೋಲಗುಮ್ಮಟದ ಮುಂದೆ ಕುಳಿತು ಚಿತ್ರ ಬರೆಯುತ್ತಿದ್ದೆವು. 1656ರಲ್ಲಿ ತೀರಿಕೊಂಡ ಮೊಹಮ್ಮದ್ ಆದಿಲ್‌ಶಾಹನ ಗೋರಿಯ ಮೇಲೆ ಹೊರಗಿನಿಂದ ಸುಮಾರು 44 ಮೀಟರ್ ವ್ಯಾಸದ ಗುಮ್ಮಟ. ಒಳಗೆ ಒಂದೂ ಕಂಬವಿಲ್ಲ. ಒಂದನ್ನೊಂದು ಹಾಯ್ದು ಹೋಗುವ ಎಂಟು ಕಮಾನುಗಳು ಚೌಕವನ್ನು ಮೇಲೇರಿಸುತ್ತಲೇ ದುಂಡಗೆ ತಿರುಗಿಸುತ್ತವೆ. ಇದೇ ಊರಿನಲ್ಲಿ ಹುಟ್ಟಿದ ನನಗೆ ಆ ಹೆಣಿಗೆ ಕಂಡದ್ದು ಪೆನ್ಸಿಲ್ ಹಿಡಿದ ಮೇಲೆಯೇ.

ಒಂದು ದಿನ ಪತ್ತಾರರ ಹುಡುಗಿ ಅಪ್ಪನ ಅಂಗಡಿಯಿಂದ ಬೆಳ್ಳಿಯ ಸರಪಳಿ ತಂದಳು. ಎರಡು ಮೊಳೆಗಳ ನಡುವೆ ಅದನ್ನು ಇಳಿಬಿಟ್ಟು, ಗೆರೆ ಎಳೆದು, ಕಾಗದವನ್ನು ತಲೆಕೆಳಗು ಮಾಡಿದೆವು. ಕಮಾನು ಎದ್ದು ನಿಂತಿತು! ತೂಗುವ ಸರಪಳಿಯಲ್ಲಿ ಎಳೆತ ಮಾತ್ರ ಇರುತ್ತದೆ. ಅದೇ ಆಕಾರವನ್ನು ಬೋರಲು ಹಾಕಿದರೆ ಒತ್ತಡ ಮಾತ್ರ. ಕಲ್ಲು ಒತ್ತಡವನ್ನು ತಾಳುತ್ತದೆ, ಎಳೆತವನ್ನು ತಾಳದು.

ಪಾಲಕರು ಕೂಡಿಟ್ಟ ಹಣದಲ್ಲಿ ಆರು ಮಕ್ಕಳು, ಇಬ್ಬರು ಶಿಕ್ಷಕರು ಇಟಲಿಗೆ ಹೊರಟೆವು. ಸರಪಳಿಯೂ ಬಂತು. ನಿಯಮ ಒಂದೇ: ಮೊದಲು ಹತ್ತು ನಿಮಿಷ ಪೆನ್ಸಿಲ್, ಆಮೇಲೆ ಮೊಬೈಲ್.

ರೋಮಿನ ಪುರಾತನ ದೇಗುಲ ಪ್ಯಾಂಥಿಯನ್‌ಗೆ ಹೋದ ದಿನ ಮಳೆ. ಸುಮಾರು 1900 ವರ್ಷ ಹಳೆಯ ಕಾಂಕ್ರೀಟಿನ ಗುಮ್ಮಟದ ನೆತ್ತಿಯಲ್ಲಿ ತೆರೆದ ಕಣ್ಣು. ಅದರಿಂದ ಸುರಿದ ನೀರು ನೆಲದ ತೂತುಗಳಲ್ಲಿ ಇಳಿದುಹೋಗುತ್ತಿತ್ತು. ಒಳಗಿನ ವ್ಯಾಸ 43.3 ಮೀಟರ್ ಎಂದು ತಿಳಿದಾಗ ಮಕ್ಕಳು ಪರಸ್ಪರ ಮುಖ ನೋಡಿಕೊಂಡರು. ನಮ್ಮೂರಿನದೂ ಅದಕ್ಕಿಂತ ತೀರ ಚಿಕ್ಕದಲ್ಲ!

ಫ್ಲಾರೆನ್ಸಿನಲ್ಲಿ ನಾಲ್ಕು ದಿನ ಉಳಿದೆವು. ಕಡಕ್ ರೊಟ್ಟಿ, ಶೇಂಗಾ ಹಿಂಡಿ ಅಲ್ಲಿಯವರೆಗೆ ಸಾಕಾದವು. ಅಲ್ಲಿನ ಮಹಾ ಚರ್ಚಿನ ಇಟ್ಟಿಗೆಯ ಗುಮ್ಮಟವನ್ನು 1420ರಿಂದ 1436ರವರೆಗೆ ನೆಲದಿಂದ ಮರದ ಆಸರೆ ಕೊಡದೆಯೇ ಕಟ್ಟಿಸಿದವನು ಫಿಲಿಪ್ಪೊ ಬ್ರುನೆಲ್ಲೆಸ್ಕಿ. ಅವನು ಮೊದಲು ಕಲಿತದ್ದು ಅಕ್ಕಸಾಲಿಗನ ಕೆಲಸ ಎಂದು ಹೇಳಿದೆ. ಪತ್ತಾರರ ಹುಡುಗಿ ಬರೆಯುವುದನ್ನು ನಿಲ್ಲಿಸಿದಳು. "ಟೀಚರ್, ಅವನೂ ಪತ್ತಾರನೇ?" ಎಂದು ಎರಡು ಸಲ ಕೇಳಿದಳು.

463 ಮೆಟ್ಟಿಲು. ಗುಮ್ಮಟಕ್ಕೆ ಎರಡು ಪದರ. ನಡುವಿನ ಇಕ್ಕಟ್ಟಿನಲ್ಲಿ ಬಾಗಿಕೊಂಡು ಹತ್ತಬೇಕು. ಗೋಡೆಯಲ್ಲಿ ಅಡ್ಡ ಇಟ್ಟಿಗೆಗಳ ನಡುವೆ ನಿಲುವಾಗಿ ಇಟ್ಟ ಇಟ್ಟಿಗೆಗಳು ಓರೆಯಾಗಿ ಸಾಲುಗಟ್ಟಿದ್ದವು. "ಜಡೆ ಹೆಣೆದ ಹಾಗಿದೆ" ಎಂದಳು ಒಬ್ಬಳು. ಹಸಿ ಗಾರೆಯ ಮೇಲಿನ ಇಟ್ಟಿಗೆ ಜಾರದಂತೆ ಹಿಡಿದದ್ದು ಆ ಜಡೆಯೇ. ಇದನ್ನು ನಾನು ಕರಿಹಲಗೆಯ ಮೇಲೆ ಎಷ್ಟು ಬರೆದಿದ್ದರೂ ಅವರ ಬೆರಳಿಗೆ ತಾಕುತ್ತಿರಲಿಲ್ಲ.

ಮರುದಿನ ಚೌಕದಲ್ಲಿ ಹುಡುಗಿ ತನ್ನ ಚಿತ್ರವನ್ನು ತಲೆಕೆಳಗಾಗಿ ಹಿಡಿಸಿ, ಅದರ ಮುಂದೆ ಸರಪಳಿ ಇಳಿಬಿಟ್ಟಳು. ಹೊಂದಲಿಲ್ಲ. ಗುಮ್ಮಟ ಚೂಪು, ಸರಪಳಿ ದುಂಡು. ಬಹಳ ಹೊತ್ತು ಹಾಗೆಯೇ ಕುಳಿತಿದ್ದಳು. ನಾನು ಬಾಯಿ ಬಿಡಲಿಲ್ಲ, ಅದು ಸುಲಭವಿರಲಿಲ್ಲ. ಕೊನೆಗೆ ಬ್ಯಾಗಿನ ಬೀಗದ ಕೈಯನ್ನು ಸರಪಳಿಯ ನಟ್ಟನಡುವೆ ಸಿಕ್ಕಿಸಿದಳು. ಸರಪಳಿ ಚೂಪಾಗಿ, ಗೆರೆಯ ಹತ್ತಿರಕ್ಕೆ ಬಂತು. ತಲೆಯೆತ್ತಿ ಗುಮ್ಮಟದ ನೆತ್ತಿಯ ಅಮೃತಶಿಲೆಯ ಮಂಟಪವನ್ನು ತೋರಿಸಿದಳು: "ಅದೇ ಬೀಗದ ಕೈ."

ನನ್ನ ಕಣ್ಣು ಒದ್ದೆಯಾಯಿತು. 18ನೇ ಶತಮಾನದಲ್ಲಿ ಜೊವಾನ್ನಿ ಪೊಲೇನಿ ಎಂಬ ಪಂಡಿತ ರೋಮಿನ ಸೇಂಟ್ ಪೀಟರ್ಸ್ ಚರ್ಚಿನ ಗುಮ್ಮಟದ ಬಿರುಕುಗಳನ್ನು ಅರಿಯಲು ಹೀಗೆಯೇ ತೂಕ ಕಟ್ಟಿದ ಸರಪಳಿ ತೂಗುಬಿಟ್ಟಿದ್ದನೆಂದು ಅಂದು ರಾತ್ರಿ ಅವರಿಗೆ ಹೇಳಿದೆ.

ಊರಿಗೆ ಮರಳಿದ ಮೊದಲ ಭಾನುವಾರ ಮತ್ತೆ ಗೋಲಗುಮ್ಮಟದ ಮುಂದೆ ಸೇರಿದೆವು. ಇದರ ನೆತ್ತಿಯ ಮೇಲೆ ಭಾರದ ಮಂಟಪವಿಲ್ಲ. ಹುಡುಗಿ ಬೀಗದ ಕೈಯನ್ನು ತೆಗೆದಿಟ್ಟಳು. ಸರಪಳಿಯ ಇನ್ನೊಂದು ತುದಿಯನ್ನು ಅವಳ ಅಪ್ಪ ಹಿಡಿದಿದ್ದರು.