ಲೀಟರಿಗೆ ಎಷ್ಟು, ಮನುಷ್ಯನಿಗೆ ಎಷ್ಟು

43ನೆಯ ವಯಸ್ಸಿನಲ್ಲಿ ಮತ್ತೆ ತರಗತಿಯಲ್ಲಿ ಕುಳಿತು ಹಾಜರಿ ಹೇಳುತ್ತಿದ್ದೇನೆ. 19 ವರ್ಷ ಬಾಗಲಕೋಟೆ ಜಿಲ್ಲೆಯ ಹಳ್ಳಿಗಳಲ್ಲಿ ಕೊಳವೆಬಾವಿ ಕೊರೆಸಿ, ಪೈಪು ಹಾಕಿಸಿ, ನೀರಿನ ಟ್ಯಾಂಕ್ ಕಟ್ಟಿಸಿದ ಸಿವಿಲ್ ಎಂಜಿನಿಯರ್ ನಾನು. ಈಗ ಬೆಳಗಾವಿಯಲ್ಲಿ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ, ಅಂದರೆ ಎಂಪಿಎಚ್, ಓದುತ್ತಿದ್ದೇನೆ. ಅಧ್ಯಯನ ರಜೆಯ ಕಡತದ ಹಿಂದೆ ಏಳು ತಿಂಗಳು ಓಡಾಡಿದ್ದು ಬೇರೆಯೇ ಪುರಾಣ, ಬಿಡಿ. ‘ಡಾಕ್ಟರ್ ಆಗುತ್ತೀಯೇನಪ್ಪಾ?’ ಎಂದು ಅವ್ವ ಕೇಳಿದಳು. ಇಲ್ಲ ಎಂದೆ. ‘ಪಗಾರ ಹೆಚ್ಚಾಗುತ್ತದೆಯೇ?’ ಅದೂ ಇಲ್ಲ. ಮುಂದೆ ಏನೂ ಕೇಳದೆ ಖಡಕ್ ರೊಟ್ಟಿ, ಶೇಂಗಾ ಹಿಂಡಿಯ ಗಂಟು ಕಟ್ಟಿಕೊಟ್ಟಳು.

ತರಗತಿಯಲ್ಲಿ ದಂತವೈದ್ಯರು, ಆಯುರ್ವೇದ ಓದಿದವರು, ನರ್ಸಿಂಗ್ ಮುಗಿಸಿದವರು, ಸಮಾಜಕಾರ್ಯ ಕಲಿತ ಒಬ್ಬ ಹುಡುಗಿ. ಹೆಚ್ಚಿನವರಿಗೆ 25 ದಾಟಿಲ್ಲ. ಮೊದಲ ವಾರ ನಾನು ‘ಸರ್’ ಆಗಿದ್ದೆ, ಎರಡನೆಯ ವಾರದಿಂದ ‘ಕಾಕಾ’. ಸಂಖ್ಯಾಶಾಸ್ತ್ರದ ಲೆಕ್ಕಕ್ಕೆ ಅವರು ನನ್ನ ಬಳಿ ಬರುತ್ತಾರೆ, ರೋಗಗಳ ಹೆಸರಿಗೆ ನಾನು ಅವರ ಬಳಿ ಹೋಗುತ್ತೇನೆ.

1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್‌ನಲ್ಲಿ ಕಾಲರಾ ಹಬ್ಬಿದಾಗ ರೋಗ ಬಾವಿಯ ನೀರಿನಿಂದಲೇ ಹರಡುತ್ತಿದೆ ಎಂದು ವೈದ್ಯ ಜಾನ್ ಸ್ನೋ ಅದರ ಕೈಪಂಪಿನ ಹಿಡಿಕೆ ತೆಗೆಸಿದ ಕಥೆಯಿಂದ ಪಾಠ ಶುರುವಾಯಿತು. ನನ್ನ ತಲೆ ಮಾತ್ರ ಬಾವಿಯ ಸುತ್ತಲೇ ತಿರುಗುತ್ತಿತ್ತು: ಶೌಚಗುಂಡಿ ಎಷ್ಟು ದೂರವಿತ್ತು? ಹುಡುಕಿ ಓದಿದೆ. ಮನೆಮನೆ ತಿರುಗಿ ಮೊದಲ ರೋಗಿಯಾಗಿದ್ದಿರಬಹುದಾದ ಕೂಸನ್ನು ಪತ್ತೆ ಹಚ್ಚಿದವನು ಹೆನ್ರಿ ವೈಟ್‌ಹೆಡ್ ಎಂಬ ಪಾದ್ರಿ. ಮರುವರ್ಷ ನೆಲ ಅಗೆಸಿ, ಆ ಮನೆಯ ಗುಂಡಿಗೂ ಬಾವಿಗೂ ಮೂರಡಿಯೂ ಅಂತರವಿಲ್ಲ ಎಂದು ತೋರಿಸಿದವನು ಯಾರ್ಕ್ ಎಂಬ ಸರ್ವೇಯರ್. ವೈದ್ಯನ ಹೆಸರು ಎಲ್ಲರಿಗೂ ಗೊತ್ತು. ಸರ್ವೇಯರ್‌ನ ಹೆಸರು ನನ್ನಂಥವನಿಗೆ ಬೇಕು.

ಆದರೆ ಆ ಹೆಮ್ಮೆ ಬಹಳ ದಿನ ಉಳಿಯಲಿಲ್ಲ.

2011ರಲ್ಲಿ ಹುನಗುಂದ ಕಡೆಯ ಒಂದು ಹಳ್ಳಿಯಲ್ಲಿ ಬಾವಿ ಕೊರೆಸಿದ್ದೆ. ನೀರು ಚಿಮ್ಮಿದ ದಿನ ಊರವರು ತೆಂಗಿನಕಾಯಿ ಒಡೆದು ನನ್ನ ಹಣೆಗೂ ಕುಂಕುಮ ಹಚ್ಚಿದ್ದರು. ಪ್ರಯೋಗಾಲಯದ ವರದಿಯಲ್ಲಿ ಫ್ಲೋರೈಡ್, ಅಂದರೆ ಹೆಚ್ಚಾದರೆ ಹಲ್ಲು, ಮೂಳೆ ಕೆಡಿಸುವ ಲವಣ, ಲೀಟರಿಗೆ 1.3 ಮಿಲಿಗ್ರಾಂ. ಮಾನದಂಡದ ಪ್ರಕಾರ 1ರ ಒಳಗಿರಬೇಕು, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ. ಬೇರೆ ಮೂಲವಿರಲಿಲ್ಲ. ಸಹಿ ಹಾಕಿದೆ.

ಇದನ್ನೇ ತರಗತಿಯಲ್ಲಿ ಉದಾಹರಣೆಯಾಗಿ ಹೇಳಿದಾಗ ಮೇಡಂ ಕೇಳಿದರು: ‘ಆ ಊರಿನವರು ದಿನಕ್ಕೆ ಎಷ್ಟು ನೀರು ಕುಡಿಯುತ್ತಾರೆ?’ ಮನೆಮನೆಗೆ ನಲ್ಲಿ ನೀರು ಕೊಡುವ ಜಲಜೀವನ್ ಮಿಷನ್‌ನ, ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂಬ ಲೆಕ್ಕ ನಾಲಿಗೆಯ ತುದಿಯಲ್ಲಿತ್ತು. ಅದು ಸ್ನಾನ, ಬಟ್ಟೆ, ಅಡುಗೆ ಎಲ್ಲ ಸೇರಿ ನಲ್ಲಿಗೆ ಬಿಡುವ ಲೆಕ್ಕ. ಹೊಟ್ಟೆಗೆ ಎಷ್ಟು ಹೋಗುತ್ತದೆ ಎಂದು 19 ವರ್ಷದಲ್ಲಿ ನಾನು ಯಾರನ್ನೂ ಕೇಳಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಕೂಡ 1.5 ಎಂದು ಹೇಳಿ ಸುಮ್ಮನಾಗುವುದಿಲ್ಲ, ಜನ ಎಷ್ಟು ನೀರು ಕುಡಿಯುತ್ತಾರೆ ಎಂಬುದನ್ನೂ ನೋಡಿ ಎನ್ನುತ್ತದೆ. ಫ್ಯಾನಿನ ಕೆಳಗೆ ಕುಳಿತ ನಾನು 2 ಲೀಟರ್ ಕುಡಿದರೆ 2.6 ಮಿಲಿಗ್ರಾಂ. ಮೇ ತಿಂಗಳ ಬಿಸಿಲಿನಲ್ಲಿ ಇಳಕಲ್ ಕಡೆಯ ಗ್ರಾನೈಟ್ ಕ್ವಾರಿಯಲ್ಲಿ ಕಲ್ಲು ಒಡೆಯುವವನು 5 ಲೀಟರ್ ಕುಡಿದರೆ 6.5. ವರದಿ ಒಂದೇ, ಸಹಿಯೂ ಒಂದೇ.

ಉಳಿದದ್ದನ್ನು ಕಲಿಸಿದವಳು ಗೋಕಾಕದ ದಂತವೈದ್ಯೆ, ನನ್ನ ಸಹಪಾಠಿ. ಫ್ಲೋರೈಡ್ ಹಲ್ಲಿನ ಮೇಲೆ ಗುರುತು ಬಿಡುವುದು ಹಲ್ಲು ದವಡೆಯೊಳಗೆ ರೂಪುಗೊಳ್ಳುವ ಕಾಲದಲ್ಲಿ ಮಾತ್ರ. ಆದ್ದರಿಂದ 12 ವರ್ಷದ ಮಗುವಿನ ಮುಂದಿನ ಹಲ್ಲು ಅದು ಕೂಸಾಗಿದ್ದಾಗ ಕುಡಿದ ನೀರಿನ ದಾಖಲೆ. ಡೀನ್ ಎಂಬ ಅಮೆರಿಕದ ದಂತವೈದ್ಯ 1942ರಲ್ಲಿ ಪರಿಷ್ಕರಿಸಿದ ಸೂಚ್ಯಂಕದಿಂದ ಅದನ್ನು ಅಳೆಯುತ್ತಾರೆ: ಅತಿ ಹೆಚ್ಚು ಕಲೆಯಾದ ಎರಡು ಹಲ್ಲು ನೋಡಿ, ಎರಡರಲ್ಲಿ ವ್ಯತ್ಯಾಸವಿದ್ದರೆ ಕಡಿಮೆ ಕಲೆಯಾದದ್ದಕ್ಕೇ ಅಂಕ ಕೊಡಬೇಕು. ‘ಇಷ್ಟು ಉದಾರ ಅಳತೆಪುಸ್ತಕ ನಮ್ಮ ಇಲಾಖೆಯಲ್ಲಿ ಇದ್ದಿದ್ದರೆ ಗುತ್ತಿಗೆದಾರರು ಪೂಜೆ ಮಾಡುತ್ತಿದ್ದರು’ ಎಂದೆ. ಅವಳು ನಗಲಿಲ್ಲ. ‘ಕಾಕಾ, ನಿಮ್ಮ ಬಾವಿಗೆ ಈಗ ಎಷ್ಟು ವರ್ಷ?’ ಎಂದು ಕೇಳಿದಳು.

ಪ್ರಬಂಧಕ್ಕೆ ಆ ಊರಿನ ಶಾಲೆಯನ್ನೂ, ಹೋಲಿಕೆಗೆ ನದಿ ನೀರು ಬರುವ ಇನ್ನೊಂದು ಊರಿನ ಶಾಲೆಯನ್ನೂ ಆರಿಸಿಕೊಂಡೆ. ನೈತಿಕ ಸಮಿತಿಯ ಅರ್ಜಿಯಲ್ಲಿ ಹಿತಾಸಕ್ತಿಯ ಸಂಘರ್ಷ ಇದೆಯೇ ಎಂಬ ಒಂದು ಸಾಲಿನ ಜಾಗವಿದೆ. ‘ಒಂದು ಊರಿನ ಕೊಳವೆಬಾವಿ ಕೊರೆಸಿದವನು ಅಧ್ಯಯನಕಾರನೇ’ ಎಂದು ಬರೆದೆ. ಸಮಿತಿ ಒಪ್ಪಿತು, ಒಂದು ಷರತ್ತಿನೊಂದಿಗೆ: ಎರಡೂ ಶಾಲೆಯ ಮಕ್ಕಳ ಹಲ್ಲನ್ನು ಬಾವಿಯ ವಿಷಯ ಗೊತ್ತಿಲ್ಲದ ದಂತವೈದ್ಯರೇ ನೋಡಬೇಕು, ನಾನು ಆ ಕೋಣೆಯಲ್ಲಿ ಇರಬಾರದು. ಗೋಕಾಕದವಳಿಗೆ ಎಲ್ಲವೂ ಗೊತ್ತಿರುವುದರಿಂದ ಅವಳೂ ಹೊರಗೆ.

ಕಳೆದ ವಾರ ನನ್ನ ಬಾವಿಯ ಊರಿನ ಶಾಲೆಯಲ್ಲಿ ಪರೀಕ್ಷೆ ನಡೆಯಿತು. ನಾವಿಬ್ಬರೂ ಜಗುಲಿಯ ಮೇಲೆ ಪಾಲಕರ ಒಪ್ಪಿಗೆ ಪತ್ರಗಳನ್ನು ಜೋಡಿಸುತ್ತಾ ಕುಳಿತಿದ್ದೆವು. ಮಕ್ಕಳು ಒಬ್ಬೊಬ್ಬರಾಗಿ ಹೊರಬಂದು ನೇರವಾಗಿ ನಲ್ಲಿಗೆ ಓಡಿ, ಬೊಗಸೆಯೊಡ್ಡಿ ನೀರು ಕುಡಿಯುತ್ತಿದ್ದರು.